ಭಾನುವಾರದ ಮುನ್ನೂರು

ಇನ್ಹೇಲರಿನ ಬೆನ್ನಿನಲ್ಲಿ ಒಂದು ಪುಟ್ಟ ಕಿಂಡಿ ಇರುತ್ತದೆ. ಒಂದು ಸಲ ಒತ್ತಿದರೆ ಅದರೊಳಗಿನ ಸಂಖ್ಯೆ ಒಂದು ಇಳಿಯುತ್ತದೆ. 2024ರ ಆಗಸ್ಟ್ ತಿಂಗಳ ಒಂದು ರಾತ್ರಿ ಮಗಳ ಉಬ್ಬಸದ ಇನ್ಹೇಲರ್ 40 ಎಂದು ತೋರಿಸುತ್ತಿತ್ತು. ಅಲ್ಲಿ 8 ಇರಬೇಕಿತ್ತು. 120 ಪಫ್‌ಗಳ ಡಬ್ಬಿ. ಬೆಳಗ್ಗೆ ಎರಡು, ರಾತ್ರಿ ಎರಡು. 28 ದಿನಕ್ಕೆ 112. ತಲೆ ಕೆರೆದುಕೊಳ್ಳುವಂಥ ಲೆಕ್ಕವೇನಲ್ಲ. ಔಷಧಿಯ ಲೆಕ್ಕ ಇಡುವ ಮೊಬೈಲಿನ ಆ್ಯಪ್ ಮಾತ್ರ 28 ದಿನಗಳಿಗೂ ಹಸಿರು ಟಿಕ್ ಹಾಕಿ, ಮೇಲೊಂದು ಚಿನ್ನದ ಪದಕ ಅಂಟಿಸಿ, ನೂರಕ್ಕೆ ನೂರು ಎಂದು ಬೆನ್ನು ತಟ್ಟುತ್ತಿತ್ತು.

ಅಂದರೆ 32 ಪಫ್, 16 ಹೊತ್ತಿನ ಔಷಧಿ, ಮಗಳ ಎದೆಗೆ ಇಳಿದೇ ಇರಲಿಲ್ಲ. ಹಾಗಾದರೆ ಟಿಕ್ ಹಾಕಿದವರು ಯಾರು?

ನಾನೇ. ಆ್ಯಪ್ ಅನ್ನು ನನ್ನ ಮೊಬೈಲಿಗೂ ಹೆಂಡತಿಯ ಮೊಬೈಲಿಗೂ ಹಾಕಿ ಒಂದೇ ಖಾತೆಗೆ ಜೋಡಿಸಿದ್ದೆ. ರಾತ್ರಿ ಎಂಟಕ್ಕೆ ಅದು ಗಂಟೆ ಹೊಡೆಯುವಾಗ ನಾನು ಸಾಮಾನ್ಯವಾಗಿ ಬನಶಂಕರಿ ಮೆಟ್ರೊ ನಿಲ್ದಾಣದ ಮೆಟ್ಟಿಲು ಇಳಿಯುತ್ತಿರುತ್ತಿದ್ದೆ. ಗಂಟೆ ನಿಲ್ಲಿಸಲು ಇದ್ದದ್ದು ಎರಡೇ ಗುಂಡಿ: ‘ತೆಗೆದುಕೊಂಡಾಯಿತು’ ಮತ್ತು ‘ಹತ್ತು ನಿಮಿಷದ ನಂತರ ನೆನಪಿಸು’. ಮನೆಯಲ್ಲಿ ಹೆಂಡತಿ ಕೊಟ್ಟಿರುತ್ತಾಳೆ ಎಂದುಕೊಂಡು ಮೊದಲನೆಯದನ್ನು ಒತ್ತಿ ಮೊಬೈಲನ್ನು ಜೇಬಿಗೆ ಇಳಿಸುತ್ತಿದ್ದೆ. ನಾನು ಒತ್ತಿದ ಕೂಡಲೇ ಅಲ್ಲಿ ಅವಳ ಮೊಬೈಲೂ ಬಾಯಿ ಮುಚ್ಚುತ್ತಿತ್ತು. ಟಿಕ್ ಬಿದ್ದಿದೆಯಲ್ಲ, ಅಪ್ಪನೇ ಫೋನು ಮಾಡಿ ಮಗಳಿಗೆ ನೆನಪಿಸಿರಬೇಕು ಎಂದು ಅವಳು ಸುಮ್ಮನಾಗುತ್ತಿದ್ದಳು. ಮಗಳು? ಹನ್ನೊಂದು ವರ್ಷದ ಮಗು, ಯಾರೂ ಕರೆಯದಿದ್ದರೆ ತಾನಾಗಿ ಎದ್ದು ಬಂದು ಔಷಧಿ ಎಳೆದುಕೊಳ್ಳುತ್ತದೆಯೇ? ಬೇರೆಯವರ ಲೆಕ್ಕಪತ್ರ ತಪಾಸಣೆ ಮಾಡಿ ಅನ್ನ ತಿನ್ನುವವನು ನಾನು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಇದಕ್ಕೆ ಎರಡು ತಿಂಗಳ ಹಿಂದೆ, ಜೂನ್ ಮೊದಲ ಮಳೆಯ ವಾರದಲ್ಲಿ, ಮಗಳನ್ನು ರಾತ್ರಿ ಎರಡು ಗಂಟೆಗೆ ಆಸ್ಪತ್ರೆಗೆ ಎತ್ತಿಕೊಂಡು ಓಡಿದ್ದೆವು. ಮಾತಾಡಲು ಹೋದರೆ ಎರಡು ಪದಕ್ಕೊಮ್ಮೆ ನಿಲ್ಲುತ್ತಿದ್ದಳು. ಕತ್ತಿನ ಕೆಳಗಿನ ಗುಳಿ ಪ್ರತಿ ಉಸಿರಿಗೂ ಒಳಕ್ಕೆ ಎಳೆಯುತ್ತಿತ್ತು. ನೆಬ್ಯುಲೈಸರ್, ಆಮ್ಲಜನಕ, ಎರಡು ರಾತ್ರಿ ಆಸ್ಪತ್ರೆಯ ಮಂಚ. ಆ ಎರಡು ರಾತ್ರಿಗಳ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಇಷ್ಟವಿಲ್ಲ. ಉಬ್ಬಸದ ಮಕ್ಕಳಿರುವ ಮನೆಯವರಿಗೆ ಅದು ಗೊತ್ತೇ ಇರುತ್ತದೆ.

ಬಿಡುಗಡೆಯ ದಿನ ಡಾಕ್ಟರು ಮೂರು ವಸ್ತುಗಳನ್ನು ಮೇಜಿನ ಮೇಲಿಟ್ಟರು. ದಿನವೂ ಎಳೆದುಕೊಳ್ಳಬೇಕಾದ, ಶ್ವಾಸನಾಳದ ಒಳಗಿನ ಊತ ಇಳಿಸುವ ಇನ್ಹೇಲರ್. ಉಸಿರು ಕಟ್ಟಿದಾಗ ಬಳಸುವ ಸಾಲ್ಬುಟಮಾಲ್‌ನ ನೀಲಿ ಇನ್ಹೇಲರ್. ಮತ್ತು ಪೀಕ್ ಫ್ಲೋ ಮೀಟರ್ ಎಂಬ ಒಂದು ಪ್ಲಾಸ್ಟಿಕ್ ಕೊಳವೆ. ಕೊನೆಯದನ್ನು ನಾನು ಅದುವರೆಗೆ ನೋಡಿರಲಿಲ್ಲ. ನೆಟ್ಟಗೆ ನಿಂತು, ಎದೆ ತುಂಬ ಉಸಿರೆಳೆದು, ಒಂದೇ ಸಲಕ್ಕೆ ಜೋರಾಗಿ ಊದಬೇಕು. ಮುಳ್ಳು ಎಷ್ಟು ದೂರ ಜಾರಿತೋ ಅಷ್ಟು. ಮೂರು ಸಲ ಊದಿ, ಮೂರರಲ್ಲಿ ಹೆಚ್ಚಿನದನ್ನು ಬರೆದುಕೊಳ್ಳಬೇಕು, ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಶ್ವಾಸನಾಳ ಬಿಗಿಯುತ್ತ ಬಂದರೆ ಅದು ಕಿವಿಗೆ ಕೇಳುವ ಮೊದಲೇ ಮುಳ್ಳಿನಲ್ಲಿ ಕಾಣಬಹುದು ಎಂದರು. ಆರೋಗ್ಯವಾಗಿದ್ದ ಎರಡು ವಾರಗಳಲ್ಲಿ ಮಗಳ ಅತಿ ಹೆಚ್ಚಿನ ಅಳತೆ 300 ಬಂತು. ಅದರ ಶೇ 80, ಅಂದರೆ 240ರ ಮೇಲಿದ್ದರೆ ಹಸಿರು. 150ರವರೆಗೆ ಹಳದಿ. ಅದಕ್ಕಿಂತ ಕೆಳಗೆ ಇಳಿದರೆ ಕೆಂಪು. ಪ್ರತಿ ಬಣ್ಣಕ್ಕೂ ಏನು ಮಾಡಬೇಕು, ಯಾವ ಇನ್ಹೇಲರ್ ಎಷ್ಟು ಸಲ, ಯಾವಾಗ ಆಸ್ಪತ್ರೆಗೆ ಓಡಬೇಕು ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಆ ಹಾಳೆ ಇಂದಿಗೂ ನಮ್ಮ ಫ್ರಿಜ್ಜಿನ ಮೇಲಿದೆ.

“ಪುಸ್ತಕವಾದರೂ ಸರಿ, ಮೊಬೈಲಾದರೂ ಸರಿ, ಬರೆಯುವುದು ತಪ್ಪಬಾರದು,” ಎಂದಷ್ಟೇ ಡಾಕ್ಟರು ಹೇಳಿದ್ದರು. ಮೊಬೈಲು ಎಂದು ಹಟ ಹಿಡಿದವನು ನಾನು.

ಮೊದಲು ಹಾಕಿಕೊಂಡದ್ದು ಉಚಿತ ಆ್ಯಪ್. ಅದರ ಹೆಸರು ಇಲ್ಲಿ ಬೇಡ. ಹುಟ್ಟಿದ ತಾರೀಕು ಕೇಳಿತು, ಕೊಟ್ಟೆ. ನಾವಿರುವ ಜಾಗ ಕೇಳಿತು, ಗಾಳಿಯ ಗುಣಮಟ್ಟಕ್ಕಾಗಿ ಇರಬಹುದು ಎಂದು ಕೊಟ್ಟೆ. ಮೊಬೈಲಿನಲ್ಲಿರುವ ಎಲ್ಲರ ದೂರವಾಣಿ ಸಂಖ್ಯೆಗಳನ್ನು ಕೇಳಿದಾಗ ಎಚ್ಚರಾಯಿತು. ಉಬ್ಬಸಕ್ಕೂ ನಮ್ಮ ಹಾಲಿನವನ ಫೋನ್ ಸಂಖ್ಯೆಗೂ ಏನು ನಂಟು? ನಾಲ್ಕನೇ ದಿನ ಮಗಳ ಅಳತೆಗಳ ನಕ್ಷೆಯ ಕೆಳಗೆ ಜಾಹೀರಾತು ಬಂತು: ಅಸ್ತಮಾವನ್ನು ಬೇರುಸಹಿತ ಕಿತ್ತುಹಾಕುವ ಪುಡಿ, ಇಂದು ಕೊಂಡರೆ ಒಂದಕ್ಕೆ ಒಂದು ಉಚಿತ. ಅಂದೇ ಕಿತ್ತು ಹಾಕಿದೆ, ಆ್ಯಪನ್ನು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ತಂದೆತಾಯಿಯ ಒಪ್ಪಿಗೆ ಬೇಕು, ಮಕ್ಕಳನ್ನು ಗುರಿಯಾಗಿಸಿ ಜಾಹೀರಾತು ತೋರಿಸುವಂತಿಲ್ಲ. ಆ ಒಪ್ಪಿಗೆಯನ್ನು ನಾನೇ ಓದದೆ ಒತ್ತಿದ್ದೆ ಎಂಬುದು ಬೇರೆ ಮಾತು.

ಎರಡನೆಯದು ಒಂದಿಷ್ಟು ದುಡ್ಡು ಕೊಟ್ಟು ಕೊಂಡದ್ದು. ಜಾಹೀರಾತು ಇಲ್ಲ, ಬೇಕಾದಾಗ ಎಲ್ಲ ಅಳತೆಗಳನ್ನೂ ಒಂದು ಕಡತವಾಗಿ ಹೊರತೆಗೆಯಬಹುದು. ಕನ್ನಡ ಮಾತ್ರ ಇಲ್ಲ. ಪದಕ ಕೊಟ್ಟು ನನ್ನನ್ನು ಮೂರ್ಖನನ್ನಾಗಿ ಮಾಡಿದ್ದು ಇದೇ.

ಆಗಸ್ಟಿನ ಆ ರಾತ್ರಿಯ ನಂತರ ವ್ಯವಸ್ಥೆ ಬದಲಾಯಿತು. ಹೆಂಡತಿಯ ಹಳೆಯ ಮೊಬೈಲಿನಿಂದ ಸಿಮ್ ತೆಗೆದು, ಮನೆಯ ವೈಫೈಗೆ ಹಾಕಿ, ಹಲ್ಲುಜ್ಜುವ ಬ್ರಷ್ಷಿನ ಲೋಟದ ಪಕ್ಕ ಇಟ್ಟೆವು. ಗಂಟೆ ಹೊಡೆಯುವುದು ಅದೊಂದರಲ್ಲೇ. ಬ್ರಷ್ ಮಾಡುವ ಮುಂಚೆ ಪಫ್, ಆಮೇಲೆ ಬ್ರಷ್. ಬಾಯಿ ಮುಕ್ಕಳಿಸುವ ಕೆಲಸವೂ ಅದರಲ್ಲೇ ಮುಗಿಯುತ್ತದೆ. ಇಲ್ಲದಿದ್ದರೆ ಬಾಯಲ್ಲಿ ಬಿಳಿ ಅಗ್ರ ಏಳುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಮೂರು ದಿನ ಚೆನ್ನಾಗಿ ನಡೆಯಿತು. ನಾಲ್ಕನೇ ದಿನ ಗಂಟೆಯೇ ಹೊಡೆಯಲಿಲ್ಲ. ಬ್ಯಾಟರಿ ಉಳಿಸುವ ಉತ್ಸಾಹದಲ್ಲಿ ಆ ಮೊಬೈಲು, ಹಿಂದೆ ನಿಂತು ಕಾಯುವ ಆ್ಯಪುಗಳನ್ನೆಲ್ಲ ಮಲಗಿಸಿಬಿಡುತ್ತಿತ್ತು. ಸೆಟ್ಟಿಂಗಿನಲ್ಲಿ ಹುಡುಕಿ ಈ ಒಂದನ್ನು ಮಲಗಿಸಬೇಡ ಎಂದು ಹೇಳಬೇಕು. ಈ ಸಣ್ಣ ಸಂಗತಿಯನ್ನು ಹೇಳಿಕೊಡುವವರು ಯಾರೂ ಇರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಜೊತೆಗೆ ಪ್ರತಿ ಭಾನುವಾರ ರಾತ್ರಿ ಕಿಂಡಿಯ ಸಂಖ್ಯೆಯನ್ನೂ ಆ್ಯಪಿನ ಟಿಕ್‌ಗಳನ್ನೂ ತಾಳೆ ನೋಡುವುದು ನನ್ನ ಪಾಲಿಗೆ ಬಂತು. ಬ್ಯಾಂಕಿನ ಪಾಸ್‌ಬುಕ್ಕಿಗೂ ನಗದು ಪುಸ್ತಕಕ್ಕೂ ತಾಳೆ ನೋಡುವ ಹಾಗೆ.

ಶಾಲೆಯಲ್ಲಿ ಮೊಬೈಲಿಗೆ ಪ್ರವೇಶವಿಲ್ಲ. ಅದು ಸರಿಯೇ. ನೀಲಿ ಇನ್ಹೇಲರನ್ನೂ ಕಚೇರಿಯ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದು ಮಾತ್ರ ಸರಿಯಿರಲಿಲ್ಲ. ಡಾಕ್ಟರ ಪತ್ರ ತೋರಿಸಿದ ಮೇಲೆ ಅದು ಚೀಲದಲ್ಲೇ ಉಳಿಯಿತು. ಆಟದ ಅವಧಿಗೆ ಹದಿನೈದು ನಿಮಿಷ ಮೊದಲು ತೆಗೆದುಕೊಂಡ ಪಫ್, ಮಧ್ಯಾಹ್ನದ ಕೆಮ್ಮು, ಇವನ್ನೆಲ್ಲ ಮಗಳು ರಫ್ ಪುಸ್ತಕದ ಕೊನೆಯ ಪುಟದಲ್ಲಿ ಗೆರೆ ಎಳೆದು ಗುರುತಿಸುತ್ತಿದ್ದಳು. ಸಂಜೆ ಮೊಬೈಲಿಗೆ ಏರಿಸುತ್ತಿದ್ದಳು. ಆ ಪುಟದಲ್ಲಿ ಗೆರೆಗಳ ಪಕ್ಕ ಗೆಳತಿಯರ ಜಗಳದ ವರದಿಯೂ ಇರುತ್ತಿತ್ತು.

ಗಾಳಿಯ ಗುಣಮಟ್ಟದ ಕತೆ ಬೇರೆಯೇ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪನ್ನೂ ಹಾಕಿಕೊಂಡೆ. ನಮಗೆ ಹತ್ತಿರದ್ದು ಜಯನಗರ 5ನೇ ಬ್ಲಾಕಿನ ಕೇಂದ್ರ. ಒಂದು ಸಂಜೆ ಪಕ್ಕದ ಖಾಲಿ ನಿವೇಶನದಲ್ಲಿ ಯಾರೋ ಒಣಗಿದ ಕಾಂಗ್ರೆಸ್ ಗಿಡ, ಪ್ಲಾಸ್ಟಿಕ್ ಎಲ್ಲ ಸೇರಿಸಿ ಬೆಂಕಿ ಹಾಕಿದರು. ಮನೆಯೊಳಗೆ ಕಣ್ಣು ಉರಿಯುತ್ತಿದೆ, ಮಗಳು ಕೆಮ್ಮುತ್ತಿದ್ದಾಳೆ, ಸಮೀರ್ ಮಾತ್ರ ಹಸಿರು ಬಣ್ಣ ತೋರಿಸಿ ‘ತೃಪ್ತಿಕರ’ ಎನ್ನುತ್ತಿದೆ. ಅದರದು ತಪ್ಪಲ್ಲ. ದೂಳಿನ ಕಣಗಳ ಆ ಸೂಚ್ಯಂಕ 24 ಗಂಟೆಗಳ ಸರಾಸರಿ. ಅಳೆಯುವ ಯಂತ್ರ ಇರುವುದು ಕಿಲೋಮೀಟರುಗಟ್ಟಲೆ ಆಚೆ. ನಮ್ಮ ಬೀದಿಯ ಹೊಗೆ ಅದರ ಲೆಕ್ಕಕ್ಕೆ ಹೇಗೆ ಬರಬೇಕು? ಅಂದಿನಿಂದ ಚಳಿಗಾಲದ ಬೆಳಗಿನಲ್ಲಿ ಬಿಟ್ಟರೆ ಅದನ್ನು ತೆರೆಯುವುದನ್ನೇ ಕಡಿಮೆ ಮಾಡಿದೆ, ಬೆಂಕಿ ಹಾಕುವವರ ಮೇಲೆ ಕಣ್ಣಿಡುವುದನ್ನು ಹೆಚ್ಚು ಮಾಡಿದೆ. ಬೆಂಗಳೂರಿನ ಗಾಳಿ ಒಳ್ಳೆಯದು ಎಂದು ನಂಬಿ ಸಾಗರದಿಂದ ಇಲ್ಲಿಗೆ ಬಂದ ಕುಟುಂಬ ನಮ್ಮದು. ಇಲ್ಲಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ 20,000 ಮಕ್ಕಳನ್ನು ನೋಡಿ ಬರೆದ ಲೆಕ್ಕವನ್ನು ಆಮೇಲೆ ಓದಿದೆ: 1979ರಲ್ಲಿ ನೂರರಲ್ಲಿ 9 ಮಕ್ಕಳಿಗೆ ಅಸ್ತಮಾ, 1999ರಲ್ಲಿ 29.5.

ಆ್ಯಪಿನಲ್ಲಿ ನನಗೆ ಮೊದಮೊದಲು ಉಪಯೋಗವಿಲ್ಲದ್ದು ಎಂದು ಕಂಡದ್ದು ಟಿಪ್ಪಣಿಯ ಖಾನೆ. ಸಂಖ್ಯೆ ಇರುವಾಗ ಮಾತು ಯಾಕೆ? ಆದರೆ ಮಗಳು ಮನಸ್ಸಿಟ್ಟು ತುಂಬುತ್ತಿದ್ದದ್ದು ಅದೊಂದನ್ನೇ. ಸೆಪ್ಟೆಂಬರಿನಲ್ಲಿ ಡಾಕ್ಟರು ರಾತ್ರಿಗೆ ಮಾಂಟೆಲುಕಾಸ್ಟ್ ಮಾತ್ರೆಯನ್ನೂ ಸೇರಿಸಿದ್ದರು. ಮಲಗುವ ಹೊತ್ತಿಗೆ ಒಂದು ಮಾತ್ರೆ, ಇನ್ಹೇಲರಿಗಿಂತ ಸುಲಭ, ನಮಗೆಲ್ಲ ಖುಷಿ. ಹನ್ನೆರಡು ದಿನ ಕಳೆದ ಮೇಲೆ ಟಿಪ್ಪಣಿಗಳಲ್ಲಿ ಹೀಗೆ ಬರತೊಡಗಿತು: “ಕೆಟ್ಟ ಕನಸು.” “ಮತ್ತೆ ಅದೇ ಬಾವಿಯ ಕನಸು.” “ಸುಮ್ಮನೆ ಅಳು ಬಂತು.” ನಾವು ಪರೀಕ್ಷೆಯ ಭಯ ಎಂದುಕೊಂಡಿದ್ದೆವು. ಡಾಕ್ಟರು ತಾರೀಕುಗಳನ್ನು ನೋಡಿದವರೇ ಮಾತ್ರೆ ನಿಲ್ಲಿಸಿದರು. ಕೆಲವರಲ್ಲಿ ಈ ಮಾತ್ರೆ ನಿದ್ದೆ ಮತ್ತು ಮನಸ್ಸಿನ ಮೇಲೆ ಪರಿಣಾಮ ಮಾಡುತ್ತದೆ, 2020ರ ಮಾರ್ಚಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕೆ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಸೇರಿಸಿತು ಎಂದು ವಿವರಿಸಿದರು. ನಿಲ್ಲಿಸಿದ ಕೆಲವು ದಿನಗಳಲ್ಲಿ ಬಾವಿಯ ಕನಸು ನಿಂತಿತು.

ಅದೇ ಭೇಟಿಯಲ್ಲಿ ಇನ್ನೊಂದು ಟಿಪ್ಪಣಿ ಅವರ ಕಣ್ಣಿಗೆ ಬಿತ್ತು.

“ಮನೆಯಲ್ಲಿ ಬೆಕ್ಕು ಸಾಕಿದ್ದೀರಾ? ಮೊದಲೇ ಕೇಳಿದ್ದೆನಲ್ಲ, ಇಲ್ಲ ಎಂದಿದ್ದಿರಿ.”

“ಇಲ್ಲ ಡಾಕ್ಟರೇ.”

“ಮತ್ತೆ ಇಲ್ಲಿ ‘ರಾತ್ರಿ ಬೆಕ್ಕು ಬಂದಿತ್ತು’ ಎಂದು ಆರು ಸಲ ಇದೆ?”

ಮಗಳು ಕಿಸಕ್ಕೆಂದು ನಕ್ಕಳು. ಅದು ನನ್ನ ಅಮ್ಮನ ಮಾತು. ಉಬ್ಬಸ ಏಳುವಾಗ ಎದೆಯಿಂದ ಬರುವ ಸುಂಯ್‌ಗುಟ್ಟುವ, ಗೊರಗುಟ್ಟುವ ಸದ್ದಿಗೆ ಅಮ್ಮ “ಎದೆಯಲ್ಲಿ ಬೆಕ್ಕಿನ ಮರಿ ಹೊಕ್ಕಿದೆ” ಎನ್ನುತ್ತಾಳೆ. ಆ್ಯಪಿನ ಇಂಗ್ಲಿಷ್ ಪಟ್ಟಿಯಲ್ಲಿ ‘ವೀಝ್’ ಎಂಬುದನ್ನು ಆರಿಸಿಕೊಳ್ಳುವ ಬದಲು ಮಗಳು ಕನ್ನಡದಲ್ಲಿ ಬೆಕ್ಕು ಎಂದೇ ಬರೆದಿದ್ದಳು. ಡಾಕ್ಟರೂ ನಕ್ಕರು. ಆ ಆರು ತಾರೀಕುಗಳು ಯಾವ ವಾರ ಎಂದು ಅವರೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಡಿಸೆಂಬರಿನ ಭೇಟಿಗೆ ಮುಂಚಿನ ರಾತ್ರಿ ಕಡತವನ್ನು ಹೊರತೆಗೆದು, ಕಚೇರಿಯ ಅಭ್ಯಾಸದಂತೆ ಸಾಲು ಸಾಲಾಗಿ ನೋಡುತ್ತ ಕುಳಿತಿದ್ದೆ. ಬೆಳಗಿನ ಮೂರು ಊದುಗಳೂ ಅದರಲ್ಲಿ ಪ್ರತ್ಯೇಕವಾಗಿ ಇರುತ್ತವೆ. ಬುಧವಾರ 270, 290, 280. ಗುರುವಾರ 280, 270, 290. ಮನುಷ್ಯರ ಉಸಿರು ಹೀಗೆಯೇ ಇರುತ್ತದೆ, ಅಲ್ಲಾಡುತ್ತ. ಭಾನುವಾರ: 300, 300, 300.

ನನ್ನ ಕಸುಬಿನಲ್ಲಿ ಸುಳ್ಳು ಬಿಲ್ಲುಗಳ ಗುರುತು ಇದೇ. ನಿಜವಾದ ಖರ್ಚು 4,370 ರೂಪಾಯಿ ಇರುತ್ತದೆ. ಬರೆದ ಖರ್ಚು 5,000 ಇರುತ್ತದೆ. ಹಿಂದಿನ ಭಾನುವಾರ ನೋಡಿದೆ. 300, 300, 300. ಅದರ ಹಿಂದಿನದು. ಹನ್ನೊಂದು ಭಾನುವಾರಗಳಲ್ಲಿ ಒಂಬತ್ತು ಹೀಗೆಯೇ ಇದ್ದವು. ದಾಖಲಾದ ಹೊತ್ತಿನ ಕಾಲಮ್ಮು ಇನ್ನೂ ಕೆಟ್ಟದಾಗಿತ್ತು: ಮೂರು ಊದುಗಳೂ ಆರು ಸೆಕೆಂಡಿನೊಳಗೆ. ಆರು ಸೆಕೆಂಡಿನಲ್ಲಿ ಮೂರು ಸಲ ಎದೆ ತುಂಬಿ ಊದಿ, ಮುಳ್ಳನ್ನು ಮೂರು ಸಲ ಸೊನ್ನೆಗೆ ತಂದು, ಬರೆಯಲು ಯಾರಿಂದ ಆದೀತು?

ಸೋಮಾರಿತನ ಎಂದುಕೊಂಡೆ. ರಜೆಯ ದಿನ, ತಡವಾಗಿ ಏಳುತ್ತಾಳೆ, ಊದಲು ಬೇಜಾರು, ಗೀಚಿ ಹಾಕುತ್ತಾಳೆ. ಬೈಯಲು ಸಾಕ್ಷಿ ಸಿಕ್ಕ ಸಂತೋಷವೂ ಒಂದಿಷ್ಟು ಇತ್ತು ಎಂದು ಒಪ್ಪಿಕೊಳ್ಳಬೇಕು. ಮುಂದಿನ ಭಾನುವಾರ ಬೆಳಗ್ಗೆ ಆರೂವರೆಗೆ ಮೀಟರ್ ಹಿಡಿದು ಅವಳು ಮಲಗಿದ್ದಲ್ಲಿಗೆ ಹೋದೆ. ಶನಿವಾರ ರಾತ್ರಿ ಅವಳು ತನ್ನ ಮಂಚದಲ್ಲಿ ಮಲಗುವುದಿಲ್ಲ, ಅಜ್ಜಿಯ ಪಕ್ಕದಲ್ಲಿ. ಅದು ಅವಳು ಮೂರು ವರ್ಷದವಳಿದ್ದಾಗಿನಿಂದ ನಡೆದುಬಂದದ್ದು. ಎಬ್ಬಿಸಿ ನಿಲ್ಲಿಸಿ ಊದಿಸಿದೆ.

220. 220. 210.

ಹಳದಿ. ಒಳ್ಳೆಯ ಹಳದಿ. ಹತ್ತಿರ ಕಿವಿ ಕೊಟ್ಟರೆ ಬೆಕ್ಕಿನ ಮರಿಯೂ ಇತ್ತು.

ನಾನು ಬಾಯಿ ತೆರೆಯುವ ಮೊದಲೇ ಮಗಳ ಕಣ್ಣಲ್ಲಿ ನೀರು ಬಂತು. “ಅಪ್ಪಾ, ಅಜ್ಜಿಯ ಹಾಸಿಗೆಗೆ ಏನೂ ಮಾಡಬೇಡಿ,” ಎಂದಳು.

ಅವಳಿಗೆ ಎಲ್ಲ ಗೊತ್ತಿತ್ತು. ಆ್ಯಪಿನಲ್ಲಿಯೇ ‘ಉಬ್ಬಸ ಕೆರಳಿಸುವ ವಸ್ತುಗಳು’ ಎಂಬ ಪುಟವಿದೆ, ನಾನು ಒಮ್ಮೆಯೂ ತೆರೆಯದ ಪುಟ. ಹಾಸಿಗೆ ದಿಂಬುಗಳ ದೂಳಿನಲ್ಲಿ ಕಣ್ಣಿಗೆ ಕಾಣದ ನುಸಿಗಳಿರುತ್ತವೆ, ನಮ್ಮ ಮೈಯಿಂದ ಉದುರುವ ಚರ್ಮದ ಹುಡಿಯನ್ನು ತಿಂದು ಬದುಕುತ್ತವೆ, ತೇವ ಹೆಚ್ಚಿದಷ್ಟೂ ಬೆಳೆಯುತ್ತವೆ, ಅವುಗಳ ಹಿಕ್ಕೆ ಉಸಿರಿನೊಳಗೆ ಹೋಗಿ ಶ್ವಾಸನಾಳವನ್ನು ಕೆರಳಿಸುತ್ತದೆ ಎಂದು ಅದರಲ್ಲಿ ಚಿತ್ರಸಹಿತ ಬರೆದಿದೆ. ಅದನ್ನು ಓದಿದವಳು ಮೊದಲ ಎರಡು ಭಾನುವಾರ ಪ್ರಾಮಾಣಿಕವಾಗಿ ಊದಿದ್ದಾಳೆ, ಮುಳ್ಳು ಇಳಿದದ್ದು ನೋಡಿದ್ದಾಳೆ, ಕಾರಣ ಯಾವುದೆಂದು ತಿಳಿದುಕೊಂಡಿದ್ದಾಳೆ. ಆಮೇಲೆ ಮುನ್ನೂರು ಬರೆಯತೊಡಗಿದ್ದಾಳೆ. ಅಪ್ಪನಿಗೆ ಗೊತ್ತಾದರೆ ಶನಿವಾರದ ರಾತ್ರಿ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಅಜ್ಜಿಗೆ ಗೊತ್ತಾದರೆ ಅಜ್ಜಿ ನೊಂದುಕೊಳ್ಳುತ್ತಾಳೆ.

ಟಿಪ್ಪಣಿಯ ಖಾನೆಯಲ್ಲಿ ಮಾತ್ರ ಸುಳ್ಳು ಬರೆದಿರಲಿಲ್ಲ. ಆರು ಬೆಕ್ಕುಗಳೂ ಶನಿವಾರ ರಾತ್ರಿಯವೇ.

ಆ ಹಾಸಿಗೆ ಬೂರುಗದ ಹತ್ತಿಯದು. ನಮ್ಮ ಊರಿನ ತೋಟದ ಅಂಚಿನಲ್ಲಿದ್ದ ಬೂರುಗದ ಮರದಿಂದ ಅಪ್ಪ ಕಾಯಿ ಬೀಳಿಸಿ, ಹತ್ತಿ ಬಿಡಿಸಿ, ಸಾಗರದ ಪೇಟೆಯಲ್ಲಿ ತುಂಬಿಸಿದ್ದ. ಅಪ್ಪ ಇಲ್ಲ, ಮರವೂ ಇಲ್ಲ. ಸಾಗರದ ಮಳೆ ಎಷ್ಟೋ ವರ್ಷ ಆ ಹತ್ತಿಗೆ ತೇವ ಕುಡಿಸಿದೆ. ಅಮ್ಮ ಬೆಂಗಳೂರಿಗೆ ಬರುವಾಗ ತಂದ ಮೂರು ವಸ್ತುಗಳಲ್ಲಿ ಅದೂ ಒಂದು. ವಾರಕ್ಕೊಮ್ಮೆ ಅದನ್ನು ಸುತ್ತಿ ತಾರಸಿಗೆ ಹೊತ್ತು ಬಿಸಿಲಿಗೆ ಹಾಕುತ್ತಾಳೆ, ನಡುವಿನ ಮೆಟ್ಟಿಲಿನಲ್ಲಿ ಕುಳಿತು ಸುಧಾರಿಸಿಕೊಂಡು ಮತ್ತೆ ಏರುತ್ತಾಳೆ. ನಾನು ಹೊರುತ್ತೇನೆ ಎಂದರೆ ಬಿಡುವುದಿಲ್ಲ.

ಡಾಕ್ಟರು ಮಗಳ ಮುಂಗೈ ಮೇಲೆ ಬೇರೆ ಬೇರೆ ದ್ರಾವಣಗಳ ಹನಿ ಇಟ್ಟು, ಸೂಜಿಮೊನೆಯಿಂದ ಚುಚ್ಚಿ, ಹದಿನೈದು ನಿಮಿಷ ಕಾದರು. ಕಾಂಗ್ರೆಸ್ ಗಿಡದ ಪರಾಗಕ್ಕೆ ಸಣ್ಣ ದದ್ದು ಎದ್ದಿತು. ದೂಳಿನ ನುಸಿಗೆ ಎದ್ದದ್ದು ಸೊಳ್ಳೆ ಕಚ್ಚಿದ್ದಕ್ಕಿಂತ ದೊಡ್ಡದು. ಮನೆಗೆ ಬಂದು ಅಮ್ಮನಿಗೆ ಹೇಗೆ ಹೇಳುವುದೆಂದು ನಾನೂ ಹೆಂಡತಿಯೂ ಅಡುಗೆಮನೆಯಲ್ಲಿ ಪಿಸುಗುಟ್ಟುತ್ತಿದ್ದಾಗ, ಮಗಳೇ ಮೊಬೈಲು ಹಿಡಿದು ಅಜ್ಜಿಯ ಪಕ್ಕ ಕುಳಿತು ನಕ್ಷೆ ತೋರಿಸುತ್ತಿದ್ದಳು.

“ಈ ಹಳ್ಳ ನೋಡು ಅಜ್ಜಿ. ಇದು ಭಾನುವಾರ.”

“ಹಾಸಿಗೆಯನ್ನು ಬಿಸಿಲಿಗೆ ಹಾಕುತ್ತಲೇ ಇದ್ದೇನಲ್ಲೇ?”

“ಬಿಸಿಲು ಸಾಕಾಗುವುದಿಲ್ಲವಂತೆ. ಹೊದಿಕೆಯನ್ನಾದರೆ ಬಿಸಿನೀರಿನಲ್ಲಿ ಒಗೆಯಬಹುದು. ಹಾಸಿಗೆಯನ್ನು ಒಗೆಯುವುದು ಹೇಗೆ?”

ಅಮ್ಮ ಬಹಳ ಹೊತ್ತು ನಕ್ಷೆ ನೋಡಿದಳು. ಅಕ್ಷರ ಇಂಗ್ಲಿಷಿನದು, ಅವಳಿಗೆ ಬಾರದು. ಏರು ಇಳಿತ ಯಾರಿಗಾದರೂ ಅರ್ಥವಾಗುತ್ತದೆ. “ಇದನ್ನು ಇಷ್ಟು ದಿನ ನನ್ನಿಂದ ಮುಚ್ಚಿಟ್ಟೆಯಾ?” ಎಂದು ಕೇಳಿದಳು. ಸಿಟ್ಟು ಬಂದದ್ದು ಹಾಸಿಗೆಯನ್ನು ದೂರಿದ್ದಕ್ಕಲ್ಲ, ಮುಚ್ಚಿಟ್ಟದ್ದಕ್ಕೆ. ಆಮೇಲೆ ತೀರ್ಪನ್ನೂ ಅವಳೇ ಕೊಟ್ಟಳು: ಶನಿವಾರ ಪುಟ್ಟಿ ಅಜ್ಜಿಯ ಹತ್ತಿರ ಬರುವುದು ಬೇಡ, ಅಜ್ಜಿಯೇ ಪುಟ್ಟಿಯ ಮಂಚಕ್ಕೆ ಹೋಗುತ್ತಾಳೆ. ಹಾಸಿಗೆ ಹಿಂದಿನ ಕೋಣೆಯಲ್ಲಿ, ಬಾಗಿಲು ಹಾಕಿ. ಮಗಳ ಮಂಚದ ಹಾಸಿಗೆಗೂ ದಿಂಬಿಗೂ ಜಿಪ್ ಇರುವ ಒತ್ತು ನೇಯ್ಗೆಯ ಗವಸು ತಂದೆವು, ಹಾಸುವ ಹೊದೆಯುವ ಬಟ್ಟೆಗಳಿಗೆ ವಾರಕ್ಕೊಮ್ಮೆ ಚೆನ್ನಾಗಿ ಕಾದ ನೀರು. ಮೂರು ವಾರಗಳ ನಂತರ ಭಾನುವಾರ 270, 280, 260 ಬಂತು. ಆ 260 ನೋಡಿ ನನಗೆ ಸಮಾಧಾನವಾಯಿತು, ಅದು ನಿಜವಾಗಿ ಊದಿದ್ದು.

ಇನ್ಹೇಲರ್ ಎಂದರೆ ಅಮ್ಮನಿಗೆ ಇನ್ನೂ ಅರ್ಧ ಅನುಮಾನ. ಚಟ ಹತ್ತುತ್ತದೆ, ಹೆಣ್ಣುಮಗು, ನಾಳೆ ನಾಲ್ಕು ಜನ ಕೇಳುತ್ತಾರೆ. ಆಡುಸೋಗೆ ಕಷಾಯ ಮಾಡಿಕೊಡುವುದನ್ನೂ ಬಿಟ್ಟಿಲ್ಲ. ಸಂಬಂಧಿಕರೊಬ್ಬರು ಮೃಗಶಿರೆಯಲ್ಲಿ ಹೈದರಾಬಾದಿಗೆ ಹೋಗಿ ಉಬ್ಬಸಕ್ಕೆಂದು ಕೊಡುವ ಮೀನು ನುಂಗಿಸಿಕೊಂಡು ಬನ್ನಿ ಎಂದು ಸಲಹೆ ಕೊಟ್ಟಾಗ ಮಾತ್ರ, ಶುದ್ಧ ಸಸ್ಯಾಹಾರಿ ಅಮ್ಮ ಇನ್ಹೇಲರ್ ಪಕ್ಷಕ್ಕೆ ಬಂದಳು.

2025ರ ಜನವರಿಯಲ್ಲಿ ಮಗಳಿಗೆ 12 ತುಂಬಿತು. ಅಲ್ಲಿಯವರೆಗೆ ಪ್ರತಿ ಭೇಟಿಯ ಮೊದಲು ನಾವು ತುಂಬುತ್ತಿದ್ದದ್ದು 4ರಿಂದ 11 ವರ್ಷದವರ ಪ್ರಶ್ನಾವಳಿ. ಏಳು ಪ್ರಶ್ನೆ, ನಾಲ್ಕನ್ನು ಮಗು ನಗುವ ಅಳುವ ಮುಖಗಳ ಚಿತ್ರ ಆರಿಸಿ ಉತ್ತರಿಸಬೇಕು, ಮೂರನ್ನು ತಂದೆತಾಯಿ. ಒಟ್ಟು 27ಕ್ಕೆ 19 ಅಥವಾ ಕಡಿಮೆ ಬಂದರೆ ಉಬ್ಬಸ ಹತೋಟಿಯಲ್ಲಿಲ್ಲ ಎಂದು ಅರ್ಥ. 12 ತುಂಬಿದವರಿಗೆ ಬೇರೆಯೇ ಪ್ರಶ್ನಾವಳಿ: ಐದು ಪ್ರಶ್ನೆ, 25 ಅಂಕ. ಅಳುವ ಮುಖಗಳಿಲ್ಲ. ತಂದೆತಾಯಿಯ ಪ್ರಶ್ನೆಗಳೂ ಇಲ್ಲ. ಮಗಳು ಅದನ್ನು ಗಮನಿಸದೆ ಇರುತ್ತಾಳೆಯೇ? “ಇದರಲ್ಲಿ ನೀವು ಇಲ್ಲ,” ಎಂದು ಆ ಮೊಬೈಲನ್ನು ನನ್ನ ಕೈಯಿಂದ ತೆಗೆದುಕೊಂಡಳು.

ಒಂದು ಸಂಜೆ ಕುಳಿತು ಒಪ್ಪಂದ ಮಾಡಿಕೊಂಡೆವು. ಅದುವರೆಗೆ ಅವಳು ನೀಲಿ ಇನ್ಹೇಲರ್ ಬಳಸಿ ಗುರುತು ಹಾಕಿದಾಗಲೆಲ್ಲ ನನ್ನ ಮೊಬೈಲಿಗೆ ಸಂದೇಶ ಬರುತ್ತಿತ್ತು. ಸಂದೇಶ ಬಂದಾಗಲೆಲ್ಲ ನಾನು ಫೋನು ಮಾಡಿ ವಿಚಾರಣೆ ನಡೆಸುತ್ತಿದ್ದೆ. ಪರಿಣಾಮ, ಅವಳು ಪಫ್ ತೆಗೆದುಕೊಂಡು ಗುರುತು ಹಾಕದೆ ಬಿಡುತ್ತಿದ್ದಳು. ನೀಲಿ ಡಬ್ಬಿಯ ಲೆಕ್ಕ ನೋಡಿ ನನಗೆ ಅದು ತಿಳಿದಿತ್ತು. ಇನ್ನು ಮುಂದೆ ಕೆಂಪಿಗೆ ಇಳಿದರೆ ಮಾತ್ರ ಸಂದೇಶ. ಹಳದಿಯಾದರೆ ಅವಳೇ ಬಂದು ಹೇಳುವುದು. ಭಾನುವಾರದ ತಾಳೆಯನ್ನು ಇಬ್ಬರೂ ಕೂಡಿ ನೋಡುವುದು. ನಾನು ಮೊದಲ ತಿಂಗಳು ಬಹಳ ಕಷ್ಟಪಟ್ಟೆ. ಮೆಟ್ರೊದಲ್ಲಿ ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು.

ಏಪ್ರಿಲ್‌ನಲ್ಲಿ ಡಾಕ್ಟರು ಅವಳ ಎತ್ತರ ಅಳೆದು ನಕ್ಕರು. ಹತ್ತು ತಿಂಗಳಲ್ಲಿ ಐದು ಸೆಂಟಿಮೀಟರ್ ಬೆಳೆದಿದ್ದಳು, ಆ್ಯಪ್ ಮಾತ್ರ ಇನ್ನೂ ಹಳೆಯ 300ರಲ್ಲೇ ಕುಳಿತಿತ್ತು. ಬೆಳೆಯುವ ಮಕ್ಕಳ ಶ್ವಾಸಕೋಶವೂ ಬೆಳೆಯುತ್ತದೆ. ಹಳೆಯ ಅಳತೆಯನ್ನೇ ಇಟ್ಟುಕೊಂಡರೆ ಹಳದಿಯೂ ಹಸಿರಾಗಿ ಕಾಣುತ್ತದೆ. ಮತ್ತೆ ಎರಡು ವಾರ ಊದಿಸಿ 330 ಎಂದು ತಿದ್ದಿದೆವು. ಹಸಿರಿನ ಗಡಿ 264ಕ್ಕೆ ಏರಿತು, ಕೆಂಪಿನದು 165ಕ್ಕೆ.

ಮೇ 21, ಬುಧವಾರ, ಮಧ್ಯಾಹ್ನ ಮೂರು ಗಂಟೆ. ನಾನು ಒಬ್ಬ ಗಿರಾಕಿಯ ಕಚೇರಿಯಲ್ಲಿ ದಾಸ್ತಾನು ಪಟ್ಟಿ ನೋಡುತ್ತಿದ್ದೆ. ಮೊಬೈಲು ಹಿಂದೆಂದೂ ಕೇಳಿರದ ದನಿಯಲ್ಲಿ ಕೂಗಿಕೊಂಡಿತು. ಕೆಂಪು ಪರದೆ. 140. ತಕ್ಷಣ ವೈದ್ಯಕೀಯ ನೆರವು ಪಡೆಯಿರಿ.

ಎದೆ ಝಲ್ಲೆಂದಿತು. ಕಡತ ಅಲ್ಲೇ ಬಿಟ್ಟು ಮೆಟ್ಟಿಲು ಇಳಿಯುತ್ತಲೇ ಮನೆಗೆ ಫೋನು ಮಾಡಿದೆ. ಎರಡು ಸಲ ಯಾರೂ ಎತ್ತಲಿಲ್ಲ. ಮೂರನೆಯ ಸಲ ಮಗಳು ಎತ್ತಿದಳು. ಉಸಿರು ಕಟ್ಟಿದವರ ಹಾಗೆ ಏದುತ್ತಿದ್ದಳು. ಒಂದು ಕ್ಷಣ ಆ ಜೂನ್ ರಾತ್ರಿಯೇ ಕಣ್ಣ ಮುಂದೆ ಬಂತು. ಆಮೇಲೆ ಹಿಂದಿನಿಂದ ಅಮ್ಮನ ನಗು ಕೇಳಿಸಿತು, ಅದರ ಜೊತೆ ಕೆಮ್ಮು.

“ಅಜ್ಜಿ ಊದಿದ್ದು ಅಪ್ಪಾ! ನಾನು ಸುಮ್ಮನೆ ಹಾಕಿ ನೋಡಿದೆ. ಅಳಿಸಲು ಆಗುತ್ತಿಲ್ಲ.”

ಬೈಯಲು ಶಕ್ತಿಯಿರಲಿಲ್ಲ. ಮೆಟ್ಟಿಲಿನ ಮೇಲೆಯೇ ಕುಳಿತುಕೊಂಡೆ. ಕಾವಲುಗಾರ ನೀರು ತಂದುಕೊಟ್ಟ.

ಜೂನ್ ಭೇಟಿಯಲ್ಲಿ ಮಗಳೇ ಮೊಬೈಲನ್ನು ಡಾಕ್ಟರ ಮುಂದಿಟ್ಟಳು. ಹಸಿರಿನಲ್ಲೇ ಸಾಗಿದ್ದ ಗೆರೆಯ ನಡುವೆ ಒಂದು ಜಾಗದಲ್ಲಿ ಪಾತಾಳಕ್ಕೆ ಇಳಿದು ಮೇಲೆ ಬಂದ ಮುಳ್ಳು.

“ಇದೇನಿದು, ಮೇ 21? ನನಗೆ ಫೋನು ಮಾಡಬಾರದಿತ್ತೇ?”

“ಅದು ಅಜ್ಜಿ, ಡಾಕ್ಟರೇ.”

ಡಾಕ್ಟರು ನಗುತ್ತಾರೆ ಎಂದುಕೊಂಡಿದ್ದೆ. “ಎಷ್ಟು ಸಲ ಊದಿಸಿದೆ?” ಎಂದು ಕೇಳಿದರು.

“ಮೂರು ಸಲ. 130, 140, 120. ಇದು ದೊಡ್ಡದು.”

ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. “ನಿಮ್ಮ ತಾಯಿ ಊರಿನಲ್ಲಿ ಕಟ್ಟಿಗೆ ಒಲೆಯಲ್ಲಿ ಅಡುಗೆ ಮಾಡುತ್ತಿದ್ದರೇ?”

ಅಡುಗೆಯ ಒಲೆ, ಬಚ್ಚಲಿನ ಒಲೆ, ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಒಲೆ. ನಲವತ್ತು ವರ್ಷ. ತಾರಸಿಯ ಮೆಟ್ಟಿಲಿನ ನಡುವೆ ಕುಳಿತು ಸುಧಾರಿಸಿಕೊಳ್ಳುವುದನ್ನೂ ಹೇಳಿದೆ.

“ನಾನು ಮಕ್ಕಳ ಡಾಕ್ಟರು,” ಎಂದು ಅವರು ಇನ್ನೊಂದು ಚೀಟಿ ಎಳೆದುಕೊಂಡರು. “ದೊಡ್ಡವರನ್ನು ನೋಡುವವರಿಗೆ ಪತ್ರ ಕೊಡುತ್ತೇನೆ. ತಾಯಿಯ ವಯಸ್ಸೆಷ್ಟು?”

ನಾನು ಲೆಕ್ಕ ಹಾಕುತ್ತಿದ್ದಂತೆ ಮಗಳು “ಎಪ್ಪತ್ತಮೂರು” ಎಂದಳು.